ಜೇಬಿನಲ್ಲಿ ಸಿಕ್ಕಿದ್ದು

ಇಸ್ತ್ರಿ ಅಮ್ಮನ ಅಂಗಡಿಗೆ ಬಟ್ಟೆ ಹಾಕಿದವರ ಗುಟ್ಟು ಎಂದೂ ರಟ್ಟಾಗಿದ್ದಿಲ್ಲ. ಮೂವತ್ತೆಂಟು ವರ್ಷಗಳಿಂದ ಆ ಬೀದಿಯ ಅಂಗಿ, ಕೋಟು, ಹೊದಿಕೆಗಳೆಲ್ಲ ಅವಳ ಕೈಯಲ್ಲೇ ಒಗೆಸಿಕೊಂಡು, ಅವಳ ಕೈಯಲ್ಲೇ ಮಡಿಕೆ ಬಿದ್ದು ಹೊರಗೆ ಹೋಗಿವೆ. ಯಾರ ಕಾಲರಿಗೆ ಯಾರ ಪೌಡರು ಹತ್ತಿದೆ, ಯಾರ ಮೊಣಕಾಲಿನಲ್ಲಿ ಎಲ್ಲಿಯ ಮಣ್ಣಿದೆ, ಸಿಗರೇಟು ಬಿಟ್ಟೆನೆಂದು ಹೆಂಡತಿಯ ಮುಂದೆ ಆಣೆ ಇಟ್ಟವನ ಜೇಬಿನಲ್ಲಿ ಯಾಕೆ ಏಲಕ್ಕಿ ಸಿಪ್ಪೆ ಇದೆ, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದೂ ತುಟಿ ಪಿಟಕ್ಕೆನ್ನುವವಳಲ್ಲ. ಅಂಗಡಿಗೆ ಒಂದು ನೇಮವಿತ್ತು. ಜೇಬಿನಲ್ಲಿ ಏನೇ ಸಿಗಲಿ, ಬಟ್ಟೆ ನೆನೆಹಾಕುವ ಮೊದಲು ತೆಗೆದು, ಆ ಗಿರಾಕಿಯ ಗುರುತಿನ ಬಣ್ಣದ ದಾರ ಸುತ್ತಿ, ಮೇಜಿನ ಕೆಳಗಿರುವ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಬಟ್ಟೆ ವಾಪಸ್ಸು ಕೊಡುವಾಗ ಅದನ್ನು ಮೇಲಿಟ್ಟು "ಜೇಬಲ್ಲಿತ್ತು" ಎನ್ನಬೇಕು. ಅಷ್ಟೇ. ಇದೇನು, ಯಾರದು, ಯಾಕೆ ಎಂದು ಕೇಳುವ ಹಾಗಿಲ್ಲ. ಗಂಡ ಬದುಕಿದ್ದಾಗ ಹಾಕಿಕೊಟ್ಟ ನೇಮ ಅದು. ಗಂಡ ಹೋದ ಮೇಲೂ ಅವಳು ಒಂದು ದಿನವೂ ತಪ್ಪಿದವಳಲ್ಲ.

ಊರವರ ಜೇಬಿಗೆ ಸಿಕ್ಕ ಈ ಮರ್ಯಾದೆ ಸ್ವಂತ ಸೊಸೆಯ ಜೇಬಿಗೆ ಸಿಗಲಿಲ್ಲ ನೋಡಿ, ಅಲ್ಲೇ ಬಂತು ತಾಪತ್ರಯ.

ಮನೆಯಲ್ಲಿದ್ದದ್ದು ನಾಲ್ಕೇ ಜನ. ಇಸ್ತ್ರಿ ಅಮ್ಮ, ಲಾರಿ ಓಡಿಸುವ ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು. ಮಗ ವಾರಕ್ಕೆ ಐದು ದಿನ ರಸ್ತೆಯ ಮೇಲೆ. ಮೊಮ್ಮಗಳು ಏನು ಹೇಳಿದರೂ ರಾಗ ಎಳೆದೇ ಹೇಳುವುದರಿಂದ ಅವಳಿಗೆ ಪಿಟೀಲು ಎಂದೇ ಹೆಸರು ಬಿದ್ದಿತ್ತು. ಜನ ಕಡಿಮೆಯಾದರೂ ಜಾಗವೇನೂ ಇರಲಿಲ್ಲ. ಮುಂದಿನ ಕೋಣೆ ಅಂಗಡಿ. ನಡುಮನೆಯಲ್ಲಿ ಒದ್ದೆ ಬಟ್ಟೆಯ ಐದು ಹಗ್ಗ. ಮಲಗುವ ಕೋಣೆಯಲ್ಲಿ ಗಂಟಿನ ಮೇಲೆ ಗಂಟು. ಇಸ್ತ್ರಿಯ ಮೇಜೇ ಊಟದ ಮೇಜು. ಎರಡು ಕಂಬಳಿ ಸೇರಿಸಿ ಹೊಲಿದ ದಪ್ಪ ಹಾಸನ್ನು ಅರ್ಧಕ್ಕೆ ಮಡಚಿ ಗೋಡೆಯ ಕಡೆ ಸರಿಸಿದರೆ ತಟ್ಟೆ ಇಡಲು ಜಾಗ. ತಟ್ಟೆ ತೆಗೆದ ಕೂಡಲೇ ಮತ್ತೆ ಕಂಬಳಿ, ಮತ್ತೆ ಕಾದ ಇಸ್ತ್ರಿ ಪೆಟ್ಟಿಗೆ.

ಸೊಸೆ ಡಿಗ್ರಿ ಪಾಸು. ಹನ್ನೆರಡು ವರ್ಷದ ಹಿಂದೆ ಹುಡುಗಿ ನೋಡಲು ಹೋದಾಗ ಇಸ್ತ್ರಿ ಅಮ್ಮ ಬಣ್ಣ ನೋಡಲಿಲ್ಲ, ಒಡವೆ ಕೇಳಲಿಲ್ಲ. "ಹುಡುಗಿ ಡಿಗ್ರಿ ಪಾಸು" ಎಂದು ಹುಡುಗಿಯ ಸೋದರಮಾವ ಹೇಳಿದ್ದೇ ತಡ, ಒಪ್ಪಿಕೊಂಡು ಎದ್ದಳು. ಅವಳಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಬಟ್ಟೆಯ ಜೊತೆಗೆ ಒಂದು ಮಾತು ಪುಕ್ಕಟೆ: "ನಮ್ಮ ಸೊಸೆ ಡಿಗ್ರಿ ಪಾಸು ಕಣ್ರೀ. ಬಿಲ್ಲಿನ ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿಲ್ವಾ?" ಮನೆಗೆ ಬಂದ ಕಾಗದಪತ್ರ ಯಾವುದೇ ಇರಲಿ, ಓದಿ ಹೇಳುವವಳು ಸೊಸೆಯೇ. ಮದುವೆಯಾದ ಹೊಸದರಲ್ಲಿ ಅವಳು ಗಂಟಿನ ಸಂದಿಯಲ್ಲಿ ಕೂತು ಯಾವುದೋ ಪುಸ್ತಕ ತೆರೆದಾಗ ಅತ್ತೆ ನಕ್ಕು, "ಪಾಸಾದೋಳಿಗೆ ಮತ್ತೆ ಓದೋದೇನು ಬಂತೇ? ಊಟ ಆದ್ಮೇಲೆ ಎಲೆ ನೆಕ್ಕಿದ ಹಾಗೆ. ಬಾ, ಈ ಕಫ್ ಹಿಡ್ಕೋ," ಎಂದಿದ್ದಳು. ಆಮೇಲೆ ಆ ಮನೆಯಲ್ಲಿ ಪುಸ್ತಕ ತೆರೆದದ್ದು ಪಿಟೀಲು ಒಬ್ಬಳೇ.

ಇತ್ತೀಚೆಗೆ ಸೊಸೆ ಮಧ್ಯಾಹ್ನ ಎರಡು ಗಂಟೆಗೆ ಲಾಡ್ಜಿನ ಹೊದಿಕೆಗಳನ್ನು ತಲುಪಿಸಿ ಬರುತ್ತೇನೆಂದು ಹೊರಡುತ್ತಿದ್ದಳು. ಲಾಡ್ಜು ಇರುವುದು ಹತ್ತು ನಿಮಿಷದ ದಾರಿ. ಅವಳು ಬರುತ್ತಿದ್ದುದು ನಾಲ್ಕೂವರೆಗೆ.

"ಲಾಡ್ಜಿನೋರು ಹೊದಿಕೆ ಎಣಿಸೋಕೆ ಎರಡು ಗಂಟೆ ತಗೋತಾರಾ?"

"ಮ್ಯಾನೇಜರು ಇರಲಿಲ್ಲ ಅತ್ತೆ. ಕಾಯಿಸಿದ್ರು."

"ನಿನ್ನೆ?"

"ನಿನ್ನೆ ದಾರ ತರೋಕೆ ಹೋಗಿದ್ದೆ."

"ದಾರ ಎಲ್ಲಿ?"

"ಆ ಬಣ್ಣ ಸಿಗಲಿಲ್ಲ."

ಸೊಸೆ ಉತ್ತರವನ್ನು ಮೊದಲೇ ಮಡಿಕೆ ಹಾಕಿಟ್ಟುಕೊಂಡಿದ್ದಳು. ಅದೇ ಇಸ್ತ್ರಿ ಅಮ್ಮನಿಗೆ ಹಿಡಿಸಲಿಲ್ಲ. ನಿಜ ಹೇಳುವವರು ಸ್ವಲ್ಪ ತಡವರಿಸುತ್ತಾರೆ ಎಂದು ಅವಳ ಲೆಕ್ಕ.

ಅವತ್ತು ಸಂಜೆ ಸೊಸೆ ಸ್ನಾನಕ್ಕೆ ಹೋದಾಗ ಅತ್ತೆ ಅವಳ ಬೂದು ಕೋಟನ್ನು ಗೂಟದಿಂದ ತೆಗೆದಳು. ಒಗೆಯುವ ನೆಪ ಹೇಗೂ ಇತ್ತು. ಬಲಗೈ ತೋಳಿನ ತುದಿಯಲ್ಲಿ ಪೆನ್ಸಿಲ್ಲಿನ ಕಪ್ಪು ತಿಕ್ಕಿಕೊಂಡಿತ್ತು. ಅಂಗಡಿಯಲ್ಲಿ ಬಿಲ್ಲು ಬರೆಯುವುದು ನೀಲಿ ಪೆನ್ನಿನಲ್ಲಿ. ಜೇಬಿನಲ್ಲಿ ಒಂದು ಪ್ಲಾಟ್‌ಫಾರಂ ಟಿಕೆಟ್ಟು, ಇವತ್ತಿನ ತಾರೀಖಿನದು. ರೈಲು ಹತ್ತದವಳಿಗೆ, ಯಾರನ್ನೂ ಕಳಿಸಿಕೊಡದವಳಿಗೆ, ಸ್ಟೇಷನ್ನಿನಲ್ಲಿ ಏನು ಕೆಲಸ? ಟಿಕೆಟ್ಟನ್ನು ಇದ್ದಲ್ಲೇ ಇಟ್ಟು, ಕೋಟನ್ನು ಮತ್ತೆ ಗೂಟಕ್ಕೆ ಹಾಕಿದಳು.

ಮುಂದಿನ ವಾರ ಎದುರುಮನೆಯ ನರ್ಸಮ್ಮ ತನ್ನ ಬಿಳಿ ಸಮವಸ್ತ್ರ ತೆಗೆದುಕೊಳ್ಳಲು ಬಂದಳು. ಊರಿನ ಸುದ್ದಿಯನ್ನೆಲ್ಲ ಥರ್ಮಾಮೀಟರು ಇಟ್ಟು ನೋಡುವ ಹೆಂಗಸು ಅವಳು.

"ಇಸ್ತ್ರಿ ಅಮ್ಮ, ನಿಮ್ಮ ಸೊಸೆಗೆ ಹುಷಾರಿಲ್ವಾ?"

"ಯಾಕೆ? ಗುಂಡುಕಲ್ಲಿನ ಹಾಗಿದ್ದಾಳೆ."

"ಅಲ್ಲ, ಆಸ್ಪತ್ರೆಯಲ್ಲಿ ನೋಡ್ದೆ. ಮೂಳೆ ಡಾಕ್ಟರ ರೂಮಿನ ಹೊರಗೆ. ಟೋಕನ್ನು ಕೈಯಲ್ಲಿದೆ, ನಂಬರು ಕೂಗಿದ್ರೂ ಏಳ್ಲಿಲ್ಲ. ಎರಡು ಗಂಟೆ ಕೂತಿದ್ಲು. ನನ್ನ ನೋಡಿದ್ದೇ ತಡ, ಚೀಲಕ್ಕೆ ಏನೋ ತುರುಕಿಕೊಂಡು ಹೊರಟೇಹೋದ್ಲು."

"ನನ್ನ ಮೊಣಕಾಲು ನೋವಿಗೆ ಕೇಳೋಕೆ ಹೋಗಿದ್ಲು," ಎಂದಳು ಇಸ್ತ್ರಿ ಅಮ್ಮ, ಕಣ್ಣು ಮಿಟುಕಿಸದೆ. ಮನೆಯ ಮಾನ ಬೀದಿಗೆ ಹೋಗಬಾರದಲ್ಲ. ನರ್ಸಮ್ಮ "ಹಂಗಾ" ಎಂದು, ನಂಬದೆ ಹೋದಳು.

ಆ ಶನಿವಾರ ಮಗ ಬಂದ. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಅತ್ತೆ ಬಡಿಸುತ್ತ ಬಡಿಸುತ್ತ ಮಾತು ಎತ್ತಿದಳು.

"ನಿನ್ನ ಹೆಂಡತಿ ದಿನಾ ಎರಡೂವರೆ ಗಂಟೆ ಎಲ್ಲಿ ಹೋಗ್ತಾಳೆ ಕೇಳು."

ಮಗ ಮೊಟ್ಟೆ ಸುಲಿಯುತ್ತಿದ್ದ. "ಎಲ್ಲಿ ಹೋಗ್ತೀಯ?"

"ಲಾಡ್ಜಿಗೆ," ಎಂದಳು ಹೆಂಡತಿ.

"ಲಾಡ್ಜಿಗಂತೆ ಅಮ್ಮ."

"ಅಯ್ಯೋ ನನ್ನ ಬುದ್ಧಿವಂತ! ಕಳ್ಳನ್ನೇ ಕರೆದು ಕದ್ಯೇನಪ್ಪಾ ಅಂತ ಕೇಳ್ದಂಗಾಯ್ತು."

"ಅಮ್ಮ, ಬೆಳಗಿಂದ ಸಂಜೆತನಕ ಈ ಹಬೇಲಿ ಬೇಯ್ತಾಳೆ. ಒಂದೆರಡು ಗಂಟೆ ಹೊರಗೆ ಹೋದ್ರೆ ಏನು ಗಂಟು ಹೋಗುತ್ತೆ?"

"ಗಂಟು ಹೋಗಲ್ಲ ಕಣೋ. ಹೋಗೋದು ನಿನ್ನ ಸಂಸಾರ."

"ಅತ್ತೆ, ಏನು ಹೇಳ್ಬೇಕು ಅಂತಿದ್ದೀರೋ ನೇರವಾಗಿ ಹೇಳಿ," ಎಂದಳು ಸೊಸೆ. ಅವಳ ಕಿವಿ ಕೆಂಪಾಗಿತ್ತು.

"ನಾನೇನು ಹೇಳ್ಲಿ ತಾಯಿ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

"ಊಟ ಮಾಡೋಕಾದ್ರೂ ಬಿಡ್ರೀ ಇಬ್ರೂ," ಎಂದು ಮಗ ತಟ್ಟೆ ಎತ್ತಿಕೊಂಡು ನಡುಮನೆಗೆ ಹೋಗಿ, ಒದ್ದೆ ಹೊದಿಕೆಗಳ ಹಿಂದೆ ನಿಂತು ಉಂಡ. ಪಿಟೀಲು "ಅಮ್ಮಾ, ಕುಂಬಳಕಾಯಿ ಯಾರು ಕದ್ದಿದ್ದೂ..." ಎಂದು ರಾಗ ಎಳೆದಳು.

ಮೂರನೆಯ ವಾರ ಕೋಟಿನ ಬೆನ್ನಿಗೆ ಹಸಿರು ಬಣ್ಣದ ಎರಡು ಪಟ್ಟೆ ಹತ್ತಿತ್ತು. ಹೊಸದಾಗಿ ಬಣ್ಣ ಹೊಡೆದ ಬೆಂಚಿನ ಗುರುತು. ಇಸ್ತ್ರಿ ಅಮ್ಮ ಸೀಮೆಎಣ್ಣೆ ಹಚ್ಚಿ ಉಜ್ಜುತ್ತ ಮೂಸಿ ನೋಡಿದಳು. ಎರಡೇ ದಿನದ ಹಿಂದೆ ಕೋರ್ಟಿನ ಗುಮಾಸ್ತನ ಪ್ಯಾಂಟಿಗೂ ಇದೇ ಹಸಿರು ಹತ್ತಿ ಬಂದಿತ್ತು. "ವರಾಂಡದ ಬೆಂಚಿಗೆಲ್ಲ ಬಣ್ಣ ಬಳಿದವ್ರೆ, ಒಣಗೋ ಮುಂಚೆ ಕೂತ್ಬಿಟ್ಟೆ," ಎಂದು ಅವನೇ ಗೋಳಾಡಿದ್ದ.

ಸ್ಟೇಷನ್ನು, ಆಸ್ಪತ್ರೆ, ಕೋರ್ಟು. ಅವಳು ಉಜ್ಜುವುದನ್ನು ನಿಲ್ಲಿಸಿ ಬೆರಳು ಮಡಿಚಿದಳು. ಒಬ್ಬ ರೈಲಿನವನು, ಒಬ್ಬ ಡಾಕ್ಟರು, ಒಬ್ಬ ವಕೀಲ? ಒಂದೇ ತಿಂಗಳಲ್ಲಿ ಮೂರು ಜನವೇ! ಲಾಡ್ಜಿನ ಹೊದಿಕೆ ಹೊರುವವಳಿಗೆ ಅಷ್ಟು ಪುರುಸೊತ್ತಾದರೂ ಎಲ್ಲಿಂದ ಬರಬೇಕು? ಅದು ಆಗದ ಮಾತು. ಅಂದರೆ ಆಸಾಮಿ ಒಬ್ಬನೇ. ಭೇಟಿಯಾಗುವ ಜಾಗ ಬೇರೆ ಬೇರೆ. ಈಗ ಕೋರ್ಟಿನವರೆಗೆ ಬಂದಿದೆಯೆಂದರೆ ಮುಂದಿನದು ಯಾವ ಮಗುವಿಗಾದರೂ ಗೊತ್ತಾಗುತ್ತದೆ. ಬಿಡುಗಡೆ ಪತ್ರ! ಪಿಟೀಲನ್ನೂ ಕರೆದುಕೊಂಡು ಹೊರಟುಬಿಟ್ಟರೆ? ಈ ಮನೆಯಲ್ಲಿ ಉಳಿಯುವುದು ತಾನು, ವಾರಕ್ಕೆರಡು ದಿನ ಬರುವ ಮಗ, ಊರವರ ಬಟ್ಟೆ. ಹಾಗೆ ಯೋಚಿಸಿ ಅವಳಿಗೆ ನಿಜಕ್ಕೂ ಅಳು ಬಂತು. ಸೀಮೆಎಣ್ಣೆಯ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ಹಚ್ಚಿಕೊಂಡಳು.

ಗುರುವಾರ ಅವಳು ಅಂಗಡಿಯನ್ನು ಅರೆಬಾಗಿಲು ಮಾಡಿ ಸೊಸೆಯ ಹಿಂದೆಯೇ ಹೋದಳು. ಸೊಸೆ ಲಾಡ್ಜಿನಲ್ಲಿ ಗಂಟು ಇಳಿಸಿದ್ದು ಐದೇ ನಿಮಿಷ. ಅಲ್ಲಿಂದ ನೇರ ಕೋರ್ಟು. ಉದ್ದನೆಯ ವರಾಂಡದ ಕೊನೆಯ ಬೆಂಚು. ಜನ ಬರುತ್ತಿದ್ದರು, ಹೋಗುತ್ತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಕಾಗದ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಇಸ್ತ್ರಿ ಅಮ್ಮ ಕಂಬದ ಮರೆಯಲ್ಲಿ ನಿಂತಳು. ಸೊಸೆ ಚೀಲದಿಂದ ಕಾಗದದ ಕಟ್ಟು ತೆಗೆದು ತೊಡೆಯ ಮೇಲಿಟ್ಟು, ತಲೆ ಎತ್ತದೆ ಬರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಕಪ್ಪು ಕೋಟಿನವನೊಬ್ಬ ಬಂದು ಪಕ್ಕದಲ್ಲಿ ಕೂತ. ಏನೋ ಹೇಳಿದ. ಸೊಸೆ ನಕ್ಕಳು! ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡುವವಳು ಇಲ್ಲಿ ಹಲ್ಲು ಕಾಣುವಂತೆ ನಕ್ಕಳು. ಅವನು ಅವಳ ಕಾಗದದ ಮೇಲೆ ಬೆರಳಿಟ್ಟು ಏನೋ ತೋರಿಸಿದ. ಅವಳು ತಲೆಯಾಡಿಸಿ ಅದನ್ನು ಅಳಿಸಿ ಬರೆದಳು.

ಸಾಕು, ಇನ್ನೇನು ನೋಡಬೇಕು. ಮನೆಗೆ ಬಂದ ಇಸ್ತ್ರಿ ಅಮ್ಮ ಮಗನಿಗೆ ಫೋನು ಮಾಡಿದಳು.

"ಯಾವಾಗ ಬರ್ತೀಯ?"

"ಸೋಮವಾರ ಸಂಜೆ. ಯಾಕಮ್ಮ?"

"ಬಾ. ಮಾತಾಡೋದಿದೆ."

"ಈಗ್ಲೇ ಹೇಳು."

"ಫೋನಲ್ಲಿ ಹೇಳೋ ಮಾತಲ್ಲ. ನೀನು ಗಾಡಿ ನೋಡ್ಕೊಂಡು ಓಡ್ಸು."

ಶನಿವಾರ ಸಂಜೆ ಕೋಟಿನ ಒಳಜೇಬಿನಲ್ಲಿ ಆ ಕಾಗದ ಸಿಕ್ಕಿತು. ಮೂಲೆಯಲ್ಲಿ ಸೊಸೆಯ ಫೋಟೋ, ಫೋಟೋದ ಮೇಲೆ ಅರ್ಧ ಬಿದ್ದ ದುಂಡು ಮೊಹರು, ಕೆಳಗೆ ಯಾರದೋ ದೊಡ್ಡ ಸಹಿ. ಅಕ್ಷರ ಬಾರದಿದ್ದರೇನು, ಅಂಕಿ ಬರುತ್ತದಲ್ಲ. ಎರಡು ತಾರೀಖು ಇದ್ದವು. ಒಂದು ಈ ಸೋಮವಾರದ್ದು, ಇನ್ನೊಂದು ಗುರುವಾರದ್ದು. ಎರಡರ ಮುಂದೆಯೂ ಹತ್ತು ಗಂಟೆ. ಕೋರ್ಟಿನ ವಾಯಿದೆ! ಮಗ ಸಂಜೆ ಬರುತ್ತಾನೆ, ಇವಳು ಬೆಳಿಗ್ಗೆಯೇ ಹೋಗಿ ಎಲ್ಲ ಮುಗಿಸಿಬಿಡುವ ಹುನ್ನಾರ. ಈ ಕಾಗದವನ್ನು ಯಾರಿಂದ ಓದಿಸುವುದು? ಓದಿ ಹೇಳುವವಳೇ ಇವಳು. ನರ್ಸಮ್ಮನಿಗೆ ತೋರಿಸಿದರೆ ಊರಿಗೆಲ್ಲ ಡಂಗುರ. ಪಿಟೀಲಿನ ಕೈಗೆ ಕೊಡೋಣವೆಂದರೆ, ಅಪ್ಪ ಅಮ್ಮ ಬೇರೆಯಾಗುವ ಕಾಗದವನ್ನು ಆ ಹಸುಗೂಸಿನ ಬಾಯಲ್ಲಿ ಓದಿಸುವುದೇ? ಛೆ.

ಡಬ್ಬದ ಕಡೆ ಒಮ್ಮೆ ನೋಡಿದಳು. ಆಮೇಲೆ ಇಸ್ತ್ರಿ ಮೇಜಿನ ಕಂಬಳಿಯ ಹಾಸನ್ನು ಗೋಡೆಯ ಕಡೆಯಿಂದ ಎತ್ತಿ, ಹೊಲಿಗೆ ಬಿಟ್ಟಿದ್ದ ಜಾಗದಲ್ಲಿ ಕೈ ತೂರಿಸಿ, ಎರಡು ಕಂಬಳಿಯ ನಡುವೆ ಕಾಗದವನ್ನು ಸರಿಸಿಬಿಟ್ಟಳು. ಕಾಗದವಿಲ್ಲದೆ ಕೋರ್ಟು ಒಳಗೆ ಸೇರಿಸುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆಯಿಂದ ಸೊಸೆ ಹುಡುಕಲು ಶುರುಮಾಡಿದಳು. ಮೊದಲು ಚೀಲ. ಆಮೇಲೆ ಹಾಸಿಗೆ. ಆಮೇಲೆ ಪಿಟೀಲಿನ ಶಾಲೆಯ ಪುಸ್ತಕಗಳು. ಮಧ್ಯಾಹ್ನದ ಹೊತ್ತಿಗೆ ಗಂಟುಗಳನ್ನೆಲ್ಲ ಬಿಚ್ಚಿ, ಬೇರೆಯವರ ಬಟ್ಟೆಯ ಜೇಬುಗಳನ್ನೂ ತಡಕುತ್ತಿದ್ದಳು.

"ಏನೇ ಹುಡುಕ್ತಿದ್ದೀಯ?"

"ಅತ್ತೆ, ನನ್ನ ಕೋಟಿನ ಜೇಬಲ್ಲಿ ಏನಾದ್ರೂ ಸಿಕ್ತಾ?"

"ಏನು?"

"ಒಂದು... ಬಿಲ್ಲು."

"ಬಿಲ್ಲಾ? ಇಲ್ವಲ್ಲ."

"ಡಬ್ಬದಲ್ಲಿ?"

"ನೋಡ್ಕೋ."

ಸೊಸೆ ಡಬ್ಬವನ್ನು ನೆಲದ ಮೇಲೆ ಸುರಿದಳು. ಬೀಗದ ಕೈ, ಒಂಟಿ ಓಲೆ, ಬಸ್ಸಿನ ಪಾಸು, ಬಿಳಿ ದಾರ ಸುತ್ತಿದ ಎರಡು ಸಿನಿಮಾ ಟಿಕೆಟ್ಟು. ಒಂದೊಂದನ್ನೇ ತಿರುಗಿಸಿ ನೋಡಿ ಮತ್ತೆ ಒಳಗಿಟ್ಟಳು. ಮೂವತ್ತೆಂಟು ವರ್ಷದಲ್ಲಿ ಜೇಬಿನ ವಿಷಯಕ್ಕೆ ಆ ಅಂಗಡಿಯಲ್ಲಿ ಹೇಳಿದ ಮೊದಲ ಸುಳ್ಳು ಇಸ್ತ್ರಿ ಅಮ್ಮನ ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು. ಆದರೂ ಉಗುಳಲಿಲ್ಲ. ಬಿಲ್ಲು ಅಂದಳಲ್ಲ, ನೋಡಿದಿರಾ! ಈಗಲೂ ಸುಳ್ಳೇ ಹೇಳುತ್ತಿದ್ದಾಳೆ.

ಊಟಕ್ಕೆ ಹಾಸನ್ನು ಅರ್ಧ ಮಡಚಿದರು. ಸೊಸೆ ಎರಡು ತುತ್ತು ತಿಂದು ಎದ್ದಳು. ಕಾಗದ ಅವಳ ತಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು.

ಸೋಮವಾರ ಎಂಟು ಗಂಟೆಗೇ ಸೊಸೆ ಹೊರಟಳು. ಕಣ್ಣು ಊದಿಕೊಂಡಿತ್ತು.

"ಎಲ್ಲಿಗೆ?"

"ಕೆಲಸ ಇದೆ."

"ಕಾಗದ... ಆ ಬಿಲ್ಲು ಸಿಕ್ತಾ?"

"ಇಲ್ಲ. ಹೋಗಿ ಕೈಕಾಲು ಹಿಡಿದು ಕೇಳ್ತೀನಿ."

ಯಾರ ಕೈಕಾಲು ಎಂದು ಕೇಳುವ ಮೊದಲೇ ಮೆಟ್ಟಿಲಿಳಿದು ಹೋಗಿದ್ದಳು. ಹೋಗಲಿ, ಬರಿಗೈಯಲ್ಲಿ ಹೋಗಿದ್ದಾಳೆ, ಬರಿಗೈಯಲ್ಲೇ ಬರುತ್ತಾಳೆ ಎಂದುಕೊಂಡು ಇಸ್ತ್ರಿ ಅಮ್ಮ ಒಂಬತ್ತೂವರೆಯ ಹೊತ್ತಿಗೆ ಪೆಟ್ಟಿಗೆ ಕಾಯಿಸಿ ಪಿಟೀಲಿನ ಶಾಲೆಯ ಅಂಗಿಗೆ ಇಸ್ತ್ರಿ ಹಾಕಲು ನಿಂತಳು. ಮನಸ್ಸು ಎಲ್ಲೋ ಇತ್ತು. ಪೆಟ್ಟಿಗೆಯನ್ನು ಗೋಡೆಯ ಕಡೆ, ಕಂಬಳಿಯ ಮೇಲೆ ಮಲಗಿಸಿಯೇ ಬಿಟ್ಟು ಗುಂಡಿ ನೋಡುತ್ತಿದ್ದಳು. ಕಮರು ವಾಸನೆ ಬಂತು.

"ಅಜ್ಜೀ, ಕಂಬಳಿ ಸುಡ್ತಿದೇ..." ಎಂದು ಪಿಟೀಲು ಓಡಿಬಂದು ಹಾಸನ್ನು ಎಳೆದಳು. ಬಿಟ್ಟ ಹೊಲಿಗೆಯಿಂದ ಕಾಗದ ಜಾರಿ ನೆಲಕ್ಕೆ ಬಿತ್ತು. "ಅಯ್ಯ, ಅಮ್ಮನ ಫೋಟೋ!"

"ಕೊಡೇ ಇಲ್ಲಿ! ಓದ್ಬೇಡ!"

ಓದಬೇಡ ಅಂದರೆ ಮಕ್ಕಳು ಓದದೆ ಬಿಡುತ್ತವೆಯೇ? ಪಿಟೀಲು ರಾಗ ಎಳೆಯುವುದನ್ನೂ ಮರೆತು ಗಡಗಡ ಓದಿದಳು. "ಪ್ರವೇಶ ಪತ್ರ. ಪದವಿ ಪರೀಕ್ಷೆ, ಅಂತಿಮ ವರ್ಷ. ಅರ್ಥಶಾಸ್ತ್ರ, ಎರಡು ಪತ್ರಿಕೆ. ಹಳೆಯ ವಿದ್ಯಾರ್ಥಿಗಳಿಗೆ ಕೊನೆಯ ಅವಕಾಶ. ಈ ಪತ್ರ ಇಲ್ಲದವರನ್ನು ಒಳಗೆ ಬಿಡುವುದಿಲ್ಲ." ತಲೆ ಎತ್ತಿದಳು. "ಅಜ್ಜಿ, ಅಮ್ಮ ಡಿಗ್ರಿ ಪಾಸು ಅಲ್ವಾ?"

ಇಸ್ತ್ರಿ ಅಮ್ಮ ಕುರ್ಚಿ ಹಿಡಿದುಕೊಂಡಳು. ಪೆನ್ಸಿಲ್ಲಿನ ಕಪ್ಪು, ಸ್ಟೇಷನ್ನಿನ ಬೆಂಚು, ಆಸ್ಪತ್ರೆಯ ಬೆಂಚು, ಕೋರ್ಟಿನ ಬೆಂಚು. ಒಂದು ಕಲೆಯನ್ನೂ ಅವಳು ತಪ್ಪಾಗಿ ನೋಡಿರಲಿಲ್ಲ. ಕಾಮಾಲೆ ಕಣ್ಣಿನವಳ ಹಾಗೆ ಎಲ್ಲದಕ್ಕೂ ತಾನೇ ಹಳದಿ ಬಳಿದಿದ್ದಳು. ಗಡಿಯಾರದಲ್ಲಿ ಒಂಬತ್ತೂ ನಲವತ್ತು.

"ಎಲ್ಲಿ ಅಂತ ಬರೆದಿದೆ? ಬೇಗ ಓದೇ!"

"ಹಳೇ ಅಂಚೆ ಕಚೇರಿ ಹಿಂದಿನ ಕಾಲೇಜು."

"ನೀನು ಶಾಲೆಗೆ ನಡಿ. ಯಾರ ಹತ್ರಾನೂ ಬಾಯಿ ಬಿಡ್ಬೇಡ." ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅಂಗಡಿಗೆ ಬೀಗ ಹಾಕಿ, ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಓಡಿದಳು. ಬೀದಿಯ ತಿರುವಿನಲ್ಲಿ ಆಟೋ ಸಿಕ್ಕಿತು. ದಾರಿಯುದ್ದಕ್ಕೂ ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ನೇವರಿಸುತ್ತಲೇ ಇದ್ದಳು. ಒಂದು ಅಂಚು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು, ಪೆಟ್ಟಿಗೆಯ ಮೂತಿಯ ಆಕಾರದಲ್ಲಿ. ಫೋಟೋ, ಮೊಹರು ಉಳಿದಿದ್ದವು.

ಕಾಲೇಜಿನ ಗೇಟಿನ ಹೊರಗೆ ಸೊಸೆ ಕಾವಲುಗಾರನ ಮುಂದೆ ಕೈಜೋಡಿಸಿ ನಿಂತಿದ್ದಳು. "ನಂಬರು ಗೊತ್ತು ಅಣ್ಣ, ನನ್ನ ಸಹಿ ಇದೆ, ಒಳಗೆ ಕೇಳಿ ನೋಡಿ..."

"ಒಳಗೆ ಕೇಳಿ ಆಯ್ತಮ್ಮ. ಪತ್ರ ತರಬೇಕಂತೆ. ಇನ್ನು ಐದು ನಿಮಿಷಕ್ಕೆ ಗೇಟು ಹಾಕ್ತೀನಿ."

ಇಸ್ತ್ರಿ ಅಮ್ಮ ಏದುಸಿರು ಬಿಡುತ್ತ ಬಂದು ಕಾಗದ ಮುಂದೆ ಚಾಚಿದಳು. ದಾರಿಯಲ್ಲಿ ಏನೇನೋ ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋದವೋ, ಬಾಯಿಗೆ ಬಂದದ್ದು ಒಂದೇ.

"ಜೇಬಲ್ಲಿತ್ತು."

ಸೊಸೆ ಕಾಗದ ನೋಡಿದಳು. ಕಂದಿದ ಅಂಚು ನೋಡಿದಳು. ಆ ಮೂತಿಯ ಗುರುತು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆಮೇಲೆ ಅತ್ತೆಯ ಮುಖ ನೋಡಿದಳು. ಕಾವಲುಗಾರ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ, ಫೋಟೋವನ್ನೂ ಮುಖವನ್ನೂ ಹೋಲಿಸಿ, "ಒಲೆ ಮೇಲೆ ಇಟ್ಟಿದ್ರೇನಮ್ಮ? ಸರಿ ಹೋಗಿ, ಓಡಿ," ಎಂದ. ಅವಳು ಓಡಿದಳು.

ಮೂರು ಗಂಟೆ ಇಸ್ತ್ರಿ ಅಮ್ಮ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಳು. ಕೈಯಲ್ಲಿ ಕೆಲಸವಿಲ್ಲದೆ ಅಷ್ಟು ಹೊತ್ತು ಕೂತದ್ದು ಅವಳ ನೆನಪಿನಲ್ಲಿಲ್ಲ. ಯಾರೂ "ಇಸ್ತ್ರಿ ಅಮ್ಮ" ಎಂದು ಕೂಗಲಿಲ್ಲ, ಯಾಕೆ ಕೂತಿದ್ದೀಯ ಎಂದು ಕೇಳಲಿಲ್ಲ. ಕೊನೆಗೆ ಕಾವಲುಗಾರನೇ ಬೇಜಾರು ಕಳೆಯಲು ಮಾತಿಗಿಳಿದ.

"ಒಳಗೆ ಹೋದೋರು ಮಗಳಾ?"

"ಸೊಸೆ. ಡಿಗ್ರಿ ಪಾ..." ಎಂದು ಅಭ್ಯಾಸಬಲದಲ್ಲಿ ಶುರುಮಾಡಿದವಳು ನಿಲ್ಲಿಸಿದಳು. "ಪರೀಕ್ಷೆ ಬರೀತಿದ್ದಾಳೆ."

ಪರೀಕ್ಷೆ ಮುಗಿಸಿದ ಸೊಸೆ ಬಾಯಿ ಬಿಟ್ಟದ್ದು ಮನೆಗೆ ಬಂದು, ಸುಟ್ಟ ಕಂಬಳಿಯ ಮುಂದೆ ನಿಂತ ಮೇಲೆ.

"ಇಡೀ ದಿನ ಹುಡುಕಿದೆ ಅತ್ತೆ. ನೀವು ನೋಡ್ತಾ ನಿಂತಿದ್ರಿ. ಡಬ್ಬ ಸುರಿದಾಗಲೂ ನೋಡ್ತಾ ನಿಂತಿದ್ರಿ."

"ನಾನು ಕೋರ್ಟು ಕಾಗದ ಅಂದ್ಕೊಂಡೆ ಕಣೇ. ನೀನು ನಮ್ಮನ್ನ ಬಿಟ್ಟು ಹೋಗ್ತೀಯ ಅಂದ್ಕೊಂಡೆ."

"ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ನಿಜ ಹೇಳ್ತಿದ್ಯಾ? ಹನ್ನೆರಡು ವರ್ಷ ಡಿಗ್ರಿ ಪಾಸು ಅಂತ ನಂಬಿಸಿದೋಳು ನೀನು. ಬೀದಿಗೆಲ್ಲ ಸಾರಿಕೊಂಡು ಬಂದೆನಲ್ಲೇ ನಾನು!"

"ನಾನು ಹೇಳಲಿಲ್ಲ, ನಮ್ಮ ಸೋದರಮಾವ ಹೇಳಿದ್ದು. ಎರಡು ಪತ್ರಿಕೆ ಹೋಗಿತ್ತು. ಮುಂದಿನ ಸಲ ಕಟ್ಟೋಣ ಅನ್ನೋಷ್ಟರಲ್ಲಿ ನೀವು ಮದುವೆ ಗೊತ್ತು ಮಾಡಿದ್ರಿ. ಆಮೇಲೆ ನೀವು ಎದುರು ಬಂದೋರಿಗೆಲ್ಲ ಹೇಳೋದು ಕೇಳಿ ನನ್ನ ಬಾಯಿಗೆ ಬೀಗ ಬಿತ್ತು. ಪಾಸಾದೋಳು ಈ ಮನೇಲಿ ಯಾವ ಮುಖ ಇಟ್ಕೊಂಡು ಪುಸ್ತಕ ತೆಗೀಲಿ? ಲೈಬ್ರರಿಗೆ ಹೋದ್ರೆ ಸ್ವಂತ ಪುಸ್ತಕ ಒಳಗೆ ಬಿಡಲ್ಲ. ಸ್ಟೇಷನ್ನಲ್ಲಿ ನಿಮಿಷಕ್ಕೊಂದು ಸಲ ಕೂಗ್ತಾರೆ. ಆಸ್ಪತ್ರೇಲಿ ಸುಮ್ನೆ ಕೂರಬಹುದಿತ್ತು, ನರ್ಸಮ್ಮ ನೋಡಿಬಿಟ್ರು. ಕೋರ್ಟಲ್ಲಿ ಮಾತ್ರ ಯಾರೂ ಏನೂ ಕೇಳಲ್ಲ."

"ಮತ್ತೆ ಆ ಕರಿಕೋಟಿನೋನು?"

ಸೊಸೆ ಕಣ್ಣು ದೊಡ್ಡದು ಮಾಡಿದಳು. "ಅಲ್ಲಿಗೂ ಬಂದಿದ್ರಾ? ಅವರ ಮಗಳೂ ಇದೇ ಪರೀಕ್ಷೆ ಬರೀತಿದ್ದಾಳಂತೆ. ಒಂದು ಲೆಕ್ಕ ತಪ್ಪು ಮಾಡಿದ್ದೆ, ತೋರಿಸಿ ನಕ್ಕರು. ಅಷ್ಟಕ್ಕೇ..." ಅವಳು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಸಾವಿರ ಸುಳ್ಳು ಹೇಳಿ ಮದುವೆ ಮಾಡ್ತಾರೆ ಅತ್ತೆ. ನೀವೂ ಹೇಳಿದ್ರಿ, ಮಗ ಸಾರಿಗೆ ಕಂಪನೀಲಿ ಮ್ಯಾನೇಜರು ಅಂತ. ಮದುವೆಯಾದ ಮೂರನೇ ದಿನ ಲಾರಿ ಹತ್ತಿದ್ರು. ನಾನು ಒಂದು ದಿನಾನಾದ್ರೂ ಕೇಳಿದ್ನಾ?"

ಕಂಬಳಿಯ ಸುಟ್ಟ ಜಾಗವನ್ನು ಇಸ್ತ್ರಿ ಅಮ್ಮ ಉಗುರಿನಿಂದ ಕೆರೆಯುತ್ತ ಕೂತಳು.

ಸಂಜೆ ಮಗ ಬಂದವನೇ ಚೀಲ ಇಳಿಸುವ ಮೊದಲು ಕೇಳಿದ. "ಏನಮ್ಮ ಅದು ಮಾತಾಡೋದು? ನಾಲ್ಕು ದಿನದಿಂದ ತಲೆ ತಿಂತಿದೆ."

ಸೊಸೆ ತಟ್ಟೆ ಜೋಡಿಸುತ್ತಿದ್ದವಳು ಹಾಗೆಯೇ ನಿಂತಳು.

"ಕಂಬಳಿ ಸುಟ್ಟುಹೋಗಿದೆ. ಹೊಸದು ತರಬೇಕು," ಎಂದಳು ತಾಯಿ.

"ಇಷ್ಟೇನಾ? ಇದನ್ನ ಫೋನಲ್ಲಿ ಹೇಳೋಕಾಗ್ತಿರಲಿಲ್ವಾ?" ಎಂದು ಅವನು ಬೈದುಕೊಂಡು ಸ್ನಾನಕ್ಕೆ ಹೋದ. ಕಂಬಳಿ ಸುಟ್ಟದ್ದು ಇವತ್ತು ಬೆಳಿಗ್ಗೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಮಾರನೆಯ ದಿನವೂ ಸೊಸೆ ಅತ್ತೆಯೊಡನೆ ಮಾತು ಬಿಟ್ಟಿದ್ದಳು. ಎರಡು ಗಂಟೆಗೆ ಹೊದಿಕೆಯ ಗಂಟು, ಚೀಲ ಎತ್ತಿಕೊಂಡಳು. ನರ್ಸಮ್ಮ ಅಂಗಡಿಯಲ್ಲಿ ನಿಂತಿದ್ದಳು.

"ನಿಲ್ಲು," ಎಂದಳು ಇಸ್ತ್ರಿ ಅಮ್ಮ. ಸುಟ್ಟ ಕಂಬಳಿಯ ಚೆನ್ನಾಗಿದ್ದ ಭಾಗ ಕತ್ತರಿಸಿ, ನಾಲ್ಕೂ ಅಂಚು ಹೊಲಿದಿದ್ದ ಚೌಕವೊಂದನ್ನು ಗಂಟಿನ ಮೇಲಿಟ್ಟಳು. "ಆ ಬೆಂಚಿನ ಹಸಿರು ಇನ್ನೂ ಕೈಗೆ ಹತ್ತುತ್ತೆ. ಇದನ್ನ ಹಾಸ್ಕೊಂಡು ಕೂತ್ಕೋ. ಕೋಟಿಗೆ ಹತ್ತಿದ್ರೆ ಉಜ್ಜೋಳು ನಾನು."

"ಯಾವ ಬೆಂಚು? ಮತ್ತೆ ಆಸ್ಪತ್ರೆಗಾ?" ನರ್ಸಮ್ಮನ ಕಿವಿ ನೆಟ್ಟಗಾಯಿತು.

"ಓದೋಕೆ ಹೋಗ್ತಿದ್ದಾಳೆ."

"ಡಿಗ್ರಿ ಪಾಸಾದೋರು ಇನ್ನೇನು ಓದ್ತಾರೆ ಇಸ್ತ್ರಿ ಅಮ್ಮ?"

ಹನ್ನೆರಡು ವರ್ಷದ ಜಂಬ ನುಂಗುವುದು ಸುಲಭವೇ?

"ಪಾಸಾಗಿಲ್ಲ. ಗುರುವಾರ ಇನ್ನೊಂದು ಪತ್ರಿಕೆ ಇದೆ. ಆಮೇಲೆ ಆಗ್ತಾಳೆ."

"ಅಯ್ಯೋ! ಮತ್ತೆ ಇಷ್ಟು ವರ್ಷ ನೀವು..."

ಇಸ್ತ್ರಿ ಅಮ್ಮ ಬಗ್ಗಿ, ಡಬ್ಬದಿಂದ ನರ್ಸಮ್ಮನ ಗುರುತಿನ ಬಿಳಿ ದಾರ ಸುತ್ತಿದ ಎರಡು ಸಿನಿಮಾ ಟಿಕೆಟ್ಟು ತೆಗೆದು, ಮಡಚಿದ ಸಮವಸ್ತ್ರದ ಮೇಲಿಟ್ಟಳು. ರಾತ್ರಿ ಪಾಳಿ ಎಂದು ನರ್ಸಮ್ಮ ಮನೆಯಲ್ಲಿ ಹೇಳಿ ಹೋದ ದಿನದ ತಾರೀಖು ಕಾಣುವಂತೆಯೇ ಇಟ್ಟಳು. "ಜೇಬಲ್ಲಿತ್ತು."

ನರ್ಸಮ್ಮ ಬಟ್ಟೆಯನ್ನೂ ಟಿಕೆಟ್ಟನ್ನೂ ಎದೆಗವುಚಿಕೊಂಡು, ಮತ್ತೊಂದು ಮಾತಾಡದೆ ರಸ್ತೆ ದಾಟಿದಳು.

ಸೊಸೆ ಹೊಸಿಲು ದಾಟಿದವಳು ಹಿಂದೆ ಬಂದಳು. ಗಂಟು ಕೆಳಗಿಟ್ಟು, ಕೋಟಿನ ಒಳಜೇಬಿನಿಂದ ಅಂಚು ಕಂದಿದ ಆ ಪತ್ರ ತೆಗೆದು, ಡಬ್ಬದೊಳಗೆ ಹಾಕಿದಳು.

"ಗುರುವಾರ ಬೆಳಿಗ್ಗೆ ಬೇಕು ಅತ್ತೆ," ಎಂದಳು. ನಗಲಿಲ್ಲ.

ನಂಬಿ ಇಟ್ಟಳೋ, ಚುಚ್ಚಲೆಂದು ಇಟ್ಟಳೋ? ಇಸ್ತ್ರಿ ಅಮ್ಮನಿಗೆ ಅನುಮಾನ ಬಂತು. ಬರದೆ ಇರಲು ಅವಳೇನು ಬದಲಾಗಿರಲಿಲ್ಲ. ಸೊಸೆ ತಿರುವು ದಾಟುವವರೆಗೆ ನೋಡಿದಳು. ಮನೆಯವರಿಗೆ ಎಂದು ಆ ಅಂಗಡಿಯಲ್ಲಿ ಗುರುತಿನ ದಾರ ಇರಲಿಲ್ಲ. ಉಂಡೆಗಳನ್ನೆಲ್ಲ ಕೆದಕಿ, ಬೇರೆ ಯಾರಿಗೂ ಕೊಟ್ಟಿರದ ಹಸಿರು ಬಣ್ಣದ್ದೊಂದನ್ನು ಆರಿಸಿ, ಪತ್ರಕ್ಕೆ ಎರಡು ಸುತ್ತು ಸುತ್ತಿ, ಡಬ್ಬದ ಮುಚ್ಚಳ ಒತ್ತಿ ಹಾಕಿದಳು.